ಬೆಂದಿತಾಬಾಯಿ ಪೆಟ್ಟಿಗೆಗೆ ತಿಕ್ಕಿದ ಎಲೆ

ಇಸವಿ ೨೧೯೧, ಒಣದಿಂಗಳು, ಮೂವತ್ತಾರನೆಯ ದಿನ
ಯಲ್ಲಾಪುರದ ಮೇಲಿನ ಗುಡ್ಡ

ಹಳದಿ ಅಂಗಿಯ ಹುಡುಗಿಗೆ,

ಹೆಸರು ಗೊತ್ತಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸು. ನೀನು ನನಗಿಂತ ನೂರೈವತ್ತು ವರ್ಷಕ್ಕೂ ಹೆಚ್ಚು ಹಿರಿಯಳು. ಆದರೆ ನಾನು ನೋಡಿದ ಚಿತ್ರದಲ್ಲಿ ನಿನಗೆ ಹನ್ನೆರಡು ದಾಟಿಲ್ಲ, ಹಾಗಾಗಿ ಏಕವಚನ. ತಿಂಗಳಿಗೆ ಮೂವತ್ತಾರು ದಿನ ಎಲ್ಲಿಂದ ಬಂತು ಎಂದು ನಗಬೇಡ. ಬೇಸಿಗೆ ಮುಗಿಯದೆ ಹೋದಾಗ ನಮ್ಮ ಹಿರಿಯರು ಇನ್ನೊಂದು ತಿಂಗಳು ಸೇರಿಸಿದರು. ಮಳೆ ಬೀಳುವವರೆಗೂ ಅದು ನಡೆಯುತ್ತಲೇ ಇರುತ್ತದೆ. ನನ್ನ ಮಾತಿನಲ್ಲಿ ಇಂಥ ವಿಚಿತ್ರಗಳು ಇನ್ನೂ ಬರುತ್ತವೆ.

ನಮ್ಮಲ್ಲಿ ಹೂವಿಂದ ಹೂವಿಗೆ ಹಾರಲು ಜೇನಿಲ್ಲ, ಹಾಗಾಗಿ ಬೆಳಗು ಹೂಮುಟ್ಟಿನಿಂದ ಶುರುವಾಗುತ್ತದೆ. ಕುಂಬಳದ ಹೂ ಬಿಸಿಲಿಗೆ ಮುಚ್ಚಿಕೊಳ್ಳುವ ಮೊದಲು ಎಲ್ಲರೂ ಕೋಳಿಪುಕ್ಕ ಹಿಡಿದು ಗದ್ದೆಗೆ ಇಳಿಯುತ್ತೇವೆ. ಗಂಡುಹೂವಿನ ಪುಡಿಯನ್ನು ಪುಕ್ಕದಲ್ಲಿ ತೆಗೆದು ಹೆಣ್ಣುಹೂವಿಗೆ ಸವರಬೇಕು. ನನ್ನ ಅಕ್ಕ ನೀಲಕ್ಕ ಹೂ ಸವರಲು ಮಾವಿನ ಮರ ಹತ್ತುವವಳು. ಈ ವರ್ಷ ಟೊಂಗೆ ಮುರಿದು ಬಿದ್ದು, ಈಗ ಕುಂಟುತ್ತಲೇ ಹತ್ತುತ್ತಾಳೆ. ಎಷ್ಟು ಸವರಿದರೂ ಹೂಗಳಲ್ಲಿ ಮುಕ್ಕಾಲು ಪಾಲು ಉದುರಿಹೋಗುತ್ತವೆ. ಮೊನ್ನೆ ಕುಂಬಳಕಾಯಿ ಹಂಚುವಾಗ ಬಸುರಿಯರಿಗೆ ಮತ್ತು ಮಕ್ಕಳಿಗೆ ಮಾತ್ರ ಎಂದರು.

ನಾನು ಸಾಹಿತ್ಯ ಓದಿದವಳು. ಗದ್ದೆಯಲ್ಲಿ ನನ್ನ ಕೈ ನಿಧಾನ ಎಂದು ಹಳೆಯ ಸಾಕ್ಷ್ಯಚಿತ್ರಗಳನ್ನು ಕಾಯುವ ಕೆಲಸ ಕೊಟ್ಟರು. ಬೆಂದಿತಾಬಾಯಿ ಸಿದ್ದಿಯವರ ಮೇಲೆ ನಿಮ್ಮ ಕಾಲದವರು ತೆಗೆದ ಚಿತ್ರಗಳೇ ಮೂವತ್ತೊಂದಿವೆ. ಕಾಡಿನ ತುಡುವೆ ಜೇನನ್ನು ಪೆಟ್ಟಿಗೆಗೆ ಕರೆದು ಕೂರಿಸುತ್ತಿದ್ದ ಹೆಂಗಸು ಎಂದು ಎಲ್ಲದರಲ್ಲೂ ಹೇಳುತ್ತಾರೆ. ಹೇಗೆ ಕೂರಿಸುತ್ತಿದ್ದರು ಎಂದು ಒಬ್ಬರೂ ಕೇಳಿಲ್ಲ. ಒಬ್ಬಾತ, "ನಿಮ್ಮ ಮೂಲ ಆಫ್ರಿಕಾ ಅಲ್ವಾ, ಅಲ್ಲಿಂದ ಬಂದ ವಿದ್ಯೆಯಾ ಇದು?" ಎನ್ನುತ್ತಾನೆ. ಅವರು ಬೀಡಿ ಆರಿಸಿ, "ನಂದು ಇಲ್ಲೇ ಯಲ್ಲಾಪುರ ಮಾರಾಯ. ನಮ್ಮವ್ವ ಕಲ್ಸಿದ್ದು. ಬಾ, ನಿಂಗೂ ಕಲಿಸ್ತೆ" ಎನ್ನುತ್ತಾರೆ. ಆತ ಹೋಗಲಿಲ್ಲ. ಮುಂದಿನ ಪ್ರಶ್ನೆ, ನಿಮಗೆ ಸ್ಫೂರ್ತಿ ಯಾರು.

ಹತ್ತೊಂಬತ್ತನೆಯ ಚಿತ್ರದಲ್ಲಿ ನೀನಿದ್ದೀಯೆ. ಶಾಲೆಯ ಮಕ್ಕಳೆಲ್ಲ ಅವರನ್ನು ಸುತ್ತುವರಿದಿದ್ದೀರಿ. ಹೊಸ ಪೆಟ್ಟಿಗೆ ಮೂಸಿ ನೋಡಿ ಬೆಂದಿತಾಬಾಯಿ, "ಬರೀ ಹಲಗೆ ವಾಸ್ನೆ. ಜೇನಿಗೆ ಇದು ನಾತ. ಹಂದಿ ಮಲಗಿದ ಮನೆಗೆ ನೀ ಹೋಗಿ ಮಲಗ್ತೀಯೇನೇ ತಂಗಿ?" ಎನ್ನುತ್ತಾರೆ. ನೀನು ತಕ್ಷಣ, "ಬಾಯಿ, ನಮ್ಮನೇಲಿ ಅಣ್ಣ ಮಲಗ್ತಾನೆ, ಅದಕ್ಕಿಂತ ಹಂದಿನೇ ಅಡ್ಡಿಲ್ಲ" ಎನ್ನುತ್ತೀಯೆ. ಎಲ್ಲರೂ ನಗುತ್ತಾರೆ. ಅವರು ಸೆರಗಿನ ಗಂಟು ಬಿಚ್ಚಿ ಏನೋ ಒಂದು ಎಲೆ ತೆಗೆದು ಪೆಟ್ಟಿಗೆಯ ಒಳಗೋಡೆಗೆ ತಿಕ್ಕಲು ತೊಡಗುತ್ತಾರೆ. ಆ ಕ್ಷಣದಲ್ಲೇ ಕ್ಯಾಮೆರಾ ಅವರ ಕೈ ಬಿಟ್ಟು ಮೇಲೇರಿ, ಗುಂಗುರು ಕೂದಲು ತೋರಿಸಿ, ಕಪ್ಪು ಮುಖದ ಮೇಲೆ ಬಿದ್ದ ಬಿಸಿಲಿನಲ್ಲಿ ನಿಲ್ಲುತ್ತದೆ. ಸಂಗೀತ ಶುರುವಾಗುತ್ತದೆ. ಎಲೆ ಮತ್ತೆ ಕಾಣುವುದಿಲ್ಲ.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಆ ಚಿತ್ರದ ಮಕ್ಕಳಾದ ನೀವೇ ಮುಂದೆ ದೊಡ್ಡವರಾಗಿ ಈ ಗುಡ್ಡ ಕಡಿಯಲು ಬಂದ ಯಂತ್ರಗಳ ಮುಂದೆ ಎಂಟು ತಿಂಗಳು ಕೂತಿರಿ, ಅಂಗಿಯ ಮೇಲೆ ಬೆಂದಿತಾಬಾಯಿಯವರ ಮುಖವನ್ನು ಅಚ್ಚು ಹಾಕಿಸಿಕೊಂಡಿದ್ದಿರಿ ಎಂದು ದಾಖಲೆಯಿದೆ. ನೀವು ಉಳಿಸಿದ ಮರದ ಕೆಳಗೇ ಕೂತಿದ್ದೇನೆ. ಆದರೆ ಕೇಳು. ಈ ವರ್ಷ ನಮ್ಮ ಕಾಡಿನಲ್ಲಿ ಮೂರು ತುಡುವೆ ಹಿಂಡುಗಳು ಕಂಡವು, ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ. ಮೊದಲನೆಯದರ ಪೆಟ್ಟಿಗೆಗೆ ನಾವು ತುಳಸಿ ತಿಕ್ಕಿದೆವು, ಎರಡನೆಯದರದ್ದಕ್ಕೆ ನಿಂಬೆಯೆಲೆ. ಎರಡು ಹಿಂಡೂ ಪೆಟ್ಟಿಗೆಯೊಳಗೆ ಒಂದು ದಿನವಿದ್ದು ಎದ್ದುಹೋದವು. ಬಯಲಿನಲ್ಲಿ ಸತ್ತು ಬಿದ್ದಿದ್ದ ಹುಳುಗಳನ್ನು ನೀಲಕ್ಕ ಮಡಿಲಲ್ಲಿ ತಂದಳು. ಮೂರನೆಯದು ನಿನ್ನೆಯಿಂದ ಹಲಸಿನ ಟೊಂಗೆಯಲ್ಲಿ, ತೆಂಗಿನಕಾಯಿಯಷ್ಟು ಗಾತ್ರದಲ್ಲಿ ಜೋತಿದೆ. ಹೆಚ್ಚೆಂದರೆ ನಾಡಿದ್ದಿನವರೆಗೆ ಇರುತ್ತದೆ. ಅದನ್ನೂ ಕಳೆದುಕೊಂಡರೆ ಪುಕ್ಕದಿಂದ ಊರು ಬದುಕುವುದಿಲ್ಲ. ನಾವು ಇದನ್ನು ಗಟ್ಟಿಯಾಗಿ ಆಡುವುದಿಲ್ಲ, ಅಷ್ಟೆ.

ಆ ದಿನ ನೀನು ಅವರ ಎಡಕ್ಕೆ, ಒಂದು ಮೊಳ ದೂರದಲ್ಲಿ ಕೂತಿದ್ದೆ. ನಿನಗೆ ಎಲೆ ಕಂಡಿರಲೇಬೇಕು. ಇಲ್ಲವಾದರೆ ಮತ್ತೆ ಹೋಗು. ಅವರ ಮನೆ ಶಾಲೆಯಿಂದ ಬಹಳ ದೂರವಿಲ್ಲ. ಭಾಷಣಕ್ಕೆ ಕರೆಯಬೇಡ, ಹಾರ ಒಯ್ಯಬೇಡ, ಫೋಟೋ ತೆಗೆಯಬೇಡ. ಪಕ್ಕದಲ್ಲಿ ಕೂತು, ಬಾಯಿ, ಇದು ಯಾವ ಎಲೆ, ಯಾವಾಗ ಕೀಳಬೇಕು, ಎಷ್ಟು ತಿಕ್ಕಬೇಕು ಎಂದು ಕೇಳು. ಹೇಳಿದ್ದನ್ನು ಬರೆದಿಡು. ಹೆಸರು ಬರೆಯಲು ತಿಳಿಯದಿದ್ದರೆ ಎಲೆಯನ್ನೇ ನಿನ್ನ ನೋಟುಪುಸ್ತಕದ ಹಾಳೆಗಳ ನಡುವೆ ಒತ್ತಿಡು. ನನ್ನ ಕೈ ಸೇರುವಾಗ ಅದು ಒಣಗಿ ಪುಡಿಯಾಗಿದ್ದರೂ ಸರಿ, ಅದರ ನರ ನೋಡಿ, ಮೂಸಿ, ಈ ಗುಡ್ಡದ ಗಿಡ ಗಿಡಕ್ಕೂ ಹೋಲಿಸಿ ಹುಡುಕುತ್ತೇನೆ.

ದಯವಿಟ್ಟು ಇವತ್ತೇ ಹೋಗು.