ನಿನ್ನ ಆರು ಅಲ್ಪಾಕಾಗಳಿಗೆ ಏಳನೆಯ ಬೇಸಿಗೆ

ಫೋನ್ ಎತ್ತಿದ ಕೂಡಲೇ ‘ಉಂಡೇನವಾ?’ ಎಂದು ಕೇಳುತ್ತಿದ್ದ ನನ್ನ ಅಪ್ಪನಿಗೆ,

ಉಂಡೆ. ರೂಮಿನ ಜೆಸಿಂತಾ ಅಕ್ಕ ಗಂಜಿ ಮಾಡಿದ್ದರು, ಜೊತೆಗೆ ಮಾವಿನ ಉಪ್ಪಿನಕಾಯಿ. ಅವರು ಮಂಗಳೂರಿನವರು, ಇಲ್ಲಿ ಅಲ್ ಬರ್ಷಾದ ಒಂದು ಹೋಟೆಲಿನಲ್ಲಿ ಕೆಲಸ. ನೀನು ಅವರನ್ನು ನೋಡಲಿಲ್ಲ. ನೀನು ಹೋದ ಮೇಲೆ ಸಿಕ್ಕ ರೂಮು ಇದು. ಇಂಥ ಎಷ್ಟೋ ಸುದ್ದಿ ನಿನಗೆ ಹೇಳುವುದಿದೆ, ಆದರೆ ಈ ಪತ್ರ ಅದಕ್ಕಲ್ಲ. ಮೂರು ವಾರದ ಹಿಂದೆ ನಿನ್ನ ಅರಬ್ಬಿ ಒಡತಿ ಉಮ್ ಸಯೀದ್ ನನ್ನನ್ನು ಫಾರ್ಮಿನಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು. ಒಮಾನಿನ ಬೆಟ್ಟದ ಮೇಲೆ ಅವರ ಅಕ್ಕನ ತೋಟವಿದೆಯಂತೆ, ದಾಳಿಂಬೆ ತೋಟ. ಅಲ್ಲಿ ಬೇಸಿಗೆಯಲ್ಲೂ ಫ್ಯಾನ್ ಬೇಡವಂತೆ. ನಿನ್ನ ಆರು ಅಲ್ಪಾಕಾಗಳನ್ನು ಅಲ್ಲಿಗೆ ಕಳಿಸುವುದೋ, ಇಲ್ಲೇ ಇಟ್ಟುಕೊಳ್ಳುವುದೋ? ‘ಪ್ರಾಣಿ ನನ್ನದು, ಆದರೆ ಸಾಕಿದವನು ಬೀರಬ್ಬ. ಅವನ ಮಗಳು ನೀನು. ನೀನೇ ಹೇಳು’ ಅಂದರು. ನಿನ್ನ ಹೆಸರಿನ ‘ಪ್ಪ’ ಅವರ ಬಾಯಲ್ಲಿ ಇವತ್ತಿಗೂ ‘ಬ್ಬ’ನೇ. ನಾನು ಏನು ಹೇಳಿದೆ ಎನ್ನುವುದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಆರು ವರ್ಷದ ಹಿಂದೆ ಧಾರವಾಡದ ಹಾಸ್ಟೆಲಿನಿಂದ ಏಪ್ರಿಲ್ ರಜೆಗೆ ಬಂದಿದ್ದೆ, ನೆನಪಿದೆಯಾ? ಆಗ ಏಳನೇ ಕ್ಲಾಸು. ಅಲ್ಲಿಯವರೆಗೆ ನೀನು ಅದೇ ಫಾರ್ಮಿನಲ್ಲಿ ಆಡು ಕಾಯುತ್ತಿದ್ದೆ. ಆ ವರ್ಷ ಹೊಸ ಹಿಂಡು ಬಂದಿತ್ತು. ಬೇಲಿಯ ಆಚೆಯಿಂದ ಏಳು ಉದ್ದ ಕತ್ತು ಒಟ್ಟಿಗೆ ನನ್ನ ಕಡೆ ತಿರುಗಿದವು. ‘ಅಪ್ಪಾ, ಇವು ಕುರಿನೋ ಒಂಟೆನೋ?’ ಅಂದೆ. ‘ಎರಡೂ ಅಲ್ಲವಾ. ಎರಡರ ಸೊಕ್ಕೂ ಐತಿ’ ಅಂದೆ ನೀನು. ಆಮೇಲೆ ಮೂಲೆಯ ಹಿಕ್ಕೆ ಗುಡ್ಡೆ ತೋರಿಸಿದೆ. ಏಳೂ ಅದೇ ಜಾಗಕ್ಕೆ ಹೋಗುತ್ತವೆ, ಬೇರೆ ಎಲ್ಲೂ ಹೊಲಸು ಮಾಡುವುದಿಲ್ಲ. ‘ನೋಡು, ನಿನ್ನ ಹಾಸ್ಟೆಲ್ ಹುಡುಗ್ಯಾರಿಗಿಂತ ಶಿಸ್ತು!’ ಉಮ್ ಸಯೀದ್ ಅವಕ್ಕೆ ಚಂದದ ಅರಬ್ಬಿ ಹೆಸರು ಇಟ್ಟಿದ್ದರು. ನೀನು ವಾರದೊಳಗೆ ನಿಂಗವ್ವ, ಗಂಗವ್ವ, ಮಲ್ಲ ಅಂತೆಲ್ಲ ಮಾಡಿಬಿಟ್ಟೆ. ಈಗ ಆ ಅಜ್ಜಿಯೂ ಬುರ್ಖಾದ ತುದಿ ಹಿಡಿದುಕೊಂಡು ‘ಯಲ್ಲಾ, ನಿಂಗವ್ವಾ!’ ಎಂದು ಕೂಗುತ್ತಾರೆ.

ಆ ವರ್ಷದ ದೀಪಾವಳಿ ಆದ ಮೇಲೆ ನೀನು ಮಾಡಿದ ಕೆಲಸ... ಅದನ್ನು ನೀನೇ ಹಾಸ್ಟೆಲಿಗೆ ಫೋನ್ ಮಾಡಿ ಹೇಳಿ ನಗುತ್ತಿದ್ದೆ. ನಮ್ಮ ಕಡೆ ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ. ಕುರುಬನ ಕೈ ಸುಮ್ಮನಿರುತ್ತದೆಯೇ? ಮಾರ್ಚಿನಲ್ಲಿ ಕತ್ತರಿಸಿದ್ದು ಸಾಲದು ಎಂದು ನವೆಂಬರಿನಲ್ಲಿ ಮತ್ತೆ ಏಳಕ್ಕೂ ಉಣ್ಣೆ ತೆಗೆದೆ. ಡಿಸೆಂಬರಿನಲ್ಲಿ ಮರುಭೂಮಿಯ ಗಾಳಿ ಬೀಸಿತು, ಮೇಲೆ ಎರಡು ದಿನ ಮಳೆ. ಅಲ್ಪಾಕಾ ವರ್ಷಕ್ಕೆ ಒಂದೇ ಸಲದ ಪ್ರಾಣಿ ಎಂದು ಯಾರೂ ನಿನಗೆ ಹೇಳಿರಲಿಲ್ಲ. ನಡುಗುತ್ತಾ ನಿಂತ ಏಳಕ್ಕೂ ಊರಿಂದ ತಂದ ಕಂಬಳಿ, ಗೋಣಿಚೀಲ, ಕೊನೆಗೆ ನಿನ್ನ ಜಾಕೆಟ್ಟನ್ನೂ ಹೊದಿಸಿದೆಯಂತೆ. ಉಮ್ ಸಯೀದ್ ಬಂದು ನೋಡಿದರೆ ಮಲ್ಲ ನಿನ್ನ ಜಾಕೆಟ್ ಹಾಕಿಕೊಂಡು ನಿಂತಿದ್ದಾನೆ, ನೀನು ಬನಿಯನ್‌ನಲ್ಲಿ. ‘ಬೀರಬ್ಬಾ, ಇವುಗಳಲ್ಲಿ ನನ್ನ ಕೆಲಸಗಾರ ಯಾರು?’ ಎಂದು ಕೇಳಿದರಂತೆ. ಫೋನಿನಲ್ಲಿ ನೀನು ನಕ್ಕು ನಕ್ಕು ಕೆಮ್ಮಿದೆ. ನನಗೆ ಮರುದಿನ ಗಣಿತದ ಟೆಸ್ಟು. ‘ಆಯ್ತಪ್ಪಾ, ಓದ್ಬೇಕು’ ಎಂದು ಇಟ್ಟುಬಿಟ್ಟೆ. ಯಾಕೆ ಇಟ್ಟೆ?

ಕಳೆದ ಜುಲೈಯಲ್ಲಿ ಕಾಲೇಜಿಗೆಂದು ನಾನು ಇಲ್ಲಿಗೆ ಬಂದು ಇಳಿದ ದಿನ ನೀನು ಬೆವರಿನ ಅಂಗಿಯಲ್ಲೇ ಏರ್‌ಪೋರ್ಟಿಗೆ ಬಂದಿದ್ದೆ. ಅದಕ್ಕೆ ನಾನು ಮುಖ ಸಿಂಡರಿಸಿದ್ದನ್ನು ನೀನು ನೋಡಿದೆ. ನನಗೆ ಗೊತ್ತು, ನೋಡಿದೆ. ಆ ಎರಡು ತಿಂಗಳು ನಾನು ಎಸಿ ರೂಮಿನಲ್ಲಿ ಕೂತು ಟೆನ್ಷನ್ ಮಾಡಿಕೊಂಡೆ: ಇಂಗ್ಲಿಷ್ ಬರುತ್ತದಾ, ಹುಡುಗಿಯರು ನಗುತ್ತಾರಾ, ಅಪ್ಪ ಏನು ಕೆಲಸ ಎಂದು ಕೇಳಿದರೆ ಏನನ್ನಲಿ? ನೀನು ಹೊರಗೆ ಶೆಡ್ಡಿನಲ್ಲಿ ಇದ್ದೆ. ಬೆಳಗಿನ ಆರಕ್ಕೇ ಗಾಳಿ ಒಲೆಯ ಬಾಯಿಂದ ಬಂದಂತೆ. ದೊಡ್ಡ ಫ್ಯಾನು, ನೀರಿನ ಪೈಪು, ಮಕ್ಕಳು ಆಡುವ ಪ್ಲಾಸ್ಟಿಕ್ ತೊಟ್ಟಿ. ಒಂದೊಂದನ್ನೇ ತೊಟ್ಟಿಯಲ್ಲಿ ನಿಲ್ಲಿಸಿ ಹೊಟ್ಟೆಗೆ, ತೊಡೆಗೆ ನೀರು ಬಿಡುತ್ತಿದ್ದೆ, ಬೆನ್ನಿಗಲ್ಲ. ಬೆನ್ನಿನ ಉಣ್ಣೆ ನೆನೆದರೆ ಬಿಸಿ ಒಳಗೇ ಕೂರುತ್ತದೆ ಎಂದೆ. ಆಗಸ್ಟಿನಲ್ಲಿ ಮಲ್ಲ ಮೇವು ಬಿಟ್ಟ. ಮೂರು ದಿನ ನೀನೂ ಸರಿಯಾಗಿ ಉಣ್ಣಲಿಲ್ಲ. ಅವನು ಹೋದ ಮೇಲೆ ನೀನು ಒಂದೇ ಮಾತು ಅಂದೆ: ‘ಇವು ತಂಪಿನ ಜೀವ ಅವಾ.’ ನಾನು ಕಾಲೇಜಿನ ಫಾರ್ಮು ತುಂಬುತ್ತಿದ್ದೆ. ಹೂಂ ಅಂದೆ, ಅಷ್ಟೇ. ಸೆಪ್ಟೆಂಬರಿನಲ್ಲಿ ನಿನಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ... ಅದನ್ನು ನಾನು ಬರೆಯುವುದಿಲ್ಲ. ನಿನಗೆ ಗೊತ್ತಿರುವುದೇ.

ಮೊದಲ ಶನಿವಾರ ಒಬ್ಬಳೇ ಫಾರ್ಮಿಗೆ ಹೋದಾಗ ಹಿಂಡು ಬೇಲಿಗೆ ಬಂದು ನನ್ನ ಹಿಂದೆ ನೋಡಿತು. ನನ್ನನ್ನಲ್ಲ, ನನ್ನ ಹಿಂದೆ. ನಿನ್ನನ್ನು ಹುಡುಕುತ್ತಿದ್ದವು. ಅವತ್ತಿನಿಂದ ಒಂದು ಶನಿವಾರವನ್ನೂ ತಪ್ಪಿಸಿಲ್ಲ. ಮೆಟ್ರೋ, ಆಮೇಲೆ ಅಲ್ ಐನ್ ಬಸ್ಸು, ಕೊನೆಗೆ ರಹೀಂ ಭಾಯಿಯ ಪಿಕಪ್. ನಿನ್ನ ಜೊತೆ ಹನ್ನೆರಡು ವರ್ಷ ದುಡಿದ ಪೇಶಾವರದ ಆ ಮುದುಕ ಈಗ ಎಲ್ಲವನ್ನೂ ಒಬ್ಬನೇ ಮಾಡುತ್ತಾನೆ. ಅವನಿಗೆ ಆಡು ಗೊತ್ತು, ಒಂಟೆ ಗೊತ್ತು. ಇವು ಉಗಿದರೆ ಮಾತ್ರ ಪಠಾಣನೂ ಓಡುತ್ತಾನೆ. ಚಳಿಗಾಲವೆಲ್ಲ ಹೇಗೋ ಕಳೆಯಿತು. ವಾರಾಂತ್ಯಕ್ಕೆ ಮಕ್ಕಳು ಕ್ಯಾರೆಟ್ ತಿನ್ನಿಸಲು ಬರುತ್ತಿದ್ದರು, ನಾನು ‘ಹಿಂದಿನಿಂದ ಹೋಗಬೇಡಿ, ಒದೆಯುತ್ತೆ’ ಎಂದು ಇಂಗ್ಲಿಷಿನಲ್ಲಿ ನೂರು ಸಲ ಹೇಳುತ್ತಿದ್ದೆ. ಭಾನುವಾರ ಮಲಗಿದರೆ ಸೋಮವಾರದ ಒಂಬತ್ತರ ಕ್ಲಾಸು ತಪ್ಪುತ್ತಿತ್ತು. ಅಟೆಂಡೆನ್ಸ್ ಶಾರ್ಟೇಜ್ ಪತ್ರ ಎರಡು ಸಲ ಬಂದಿದೆ. ‘ಎಂತ ಮಾರಾಯ್ತಿ, ಆಡಿನ ಒಟ್ಟಿಗೆ ಮಲಗಿ ಬಂದಿದ್ದೀಯಾ? ಮೊದಲು ಸ್ನಾನ, ಮತ್ತೆ ಮಾತು’ ಎಂದು ಜೆಸಿಂತಾ ಅಕ್ಕ ಬಾಗಿಲಲ್ಲೇ ತಡೆಯುತ್ತಾರೆ. ಒಂದು ದಿನ ಮಾತ್ರ ಅವರು ಬೈಯಲಿಲ್ಲ. ಷೂ ಬಿಚ್ಚುತ್ತಾ ಅಲ್ಲೇ ನಿದ್ದೆ ಹೋಗಿದ್ದೆನಂತೆ. ‘ಯಾರಿಗೋಸ್ಕರ ಇಷ್ಟು ಸಾಯುವುದು ನೀನು?’ ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಈ ದೇಶದಲ್ಲಿ ನಿನ್ನ ದನಿ ಗುರುತಿರುವ ಜೀವ ಅವೇ ಆರು. ಅವೂ ಹೋದರೆ? ಅದಕ್ಕೇ ಉಮ್ ಸಯೀದ್ ಕೇಳಿದ ದಿನ ‘ನಿಂಗವ್ವನದೊಂದು ಕತ್ತರಿಸುವುದಿದೆ, ಅದು ಮುಗಿಯಲಿ, ಆಮೇಲೆ ಹೇಳುತ್ತೇನೆ’ ಅಂದೆ. ಉಳಿದ ಆ ಉಣ್ಣೆಯನ್ನು ನಾವೇ ತೆಗೆದುಬಿಟ್ಟರೆ, ನೋಡಿ, ನಮ್ಮ ಕೈಲೂ ಆಗುತ್ತದೆ ಎನ್ನಬಹುದಲ್ಲ?

ಮುಂದಿನ ವರ್ಷಗಳ ಏಪ್ರಿಲ್ ರಜೆಯಲ್ಲಿ ನೀನು ಕತ್ತರಿ ಹಿಡಿದಾಗಲೆಲ್ಲ ನನ್ನ ಕೆಲಸ ಅವುಗಳ ಕತ್ತು ಹಿಡಿದು ನಿಲ್ಲುವುದು. ‘ಗಟ್ಟಿ ಹಿಡೀಬ್ಯಾಡ, ಬಿಡಲೂಬ್ಯಾಡ. ಅದು ಮ್ಮ್ ಅಂದ್ರ ನೀನೂ ಮ್ಮ್ ಅನ್ನು’ ಅನ್ನುತ್ತಿದ್ದೆ. ಕಳೆದ ತಿಂಗಳು ಉಮ್ ಸಯೀದ್ ಮಷೀನಿನವನೊಬ್ಬನನ್ನು ಕರೆಸಿದ್ದರು. ಮುಂಗಾಲು ಅತ್ತ, ಹಿಂಗಾಲು ಇತ್ತ ಹಗ್ಗದಲ್ಲಿ ಎಳೆದು ಕಟ್ಟಿ, ಐದನ್ನು ಗಂಟೆಯೊಳಗೆ ಮುಗಿಸಿದ. ಕೆಟ್ಟವನಲ್ಲ, ಅವನ ಪದ್ಧತಿ ಅದು. ಆದರೆ ಗಂಗವ್ವ ಕಿರುಚಿದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನಿಂಗವ್ವನ ಸರದಿ ಬಂದಾಗ ಅವನೇ ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದ. ಅವಳು ಗಬ್ಬ, ಅಪ್ಪಾ. ಜೂನಿಗೆ ಈಯುತ್ತಾಳೆ. ಕಟ್ಟಿ ಎಳೆದರೆ ಮರಿ ಉಳಿಯುವುದು ಕಷ್ಟ ಎಂದು ಡಾಕ್ಟರೂ ಫೋನಿನಲ್ಲಿ ಹೇಳಿದರು. ಹಾಗೇ ಬಿಟ್ಟರೆ? ಆ ಉಣ್ಣೆಯಲ್ಲಿ ಮೇ ತಿಂಗಳನ್ನೂ ದಾಟುವುದಿಲ್ಲ.

‘ನಿನ್ನ ಅಪ್ಪನ ಕತ್ತರಿ ಇದೆ’ ಅಂದ ರಹೀಂ ಭಾಯಿ.

‘ನೀವು ಕತ್ತರಿಸ್ತೀರಾ?’

‘ನಾನಾ? ಅವಳು ನನ್ನ ಮುಖದ ಮೇಲೆ ಈಗಾಗಲೇ ನಾಲ್ಕು ಸಲ ಉಗಿದಿದ್ದಾಳೆ ಬೇಟಿ. ಐದನೇದಕ್ಕೆ ಗಡ್ಡ ಎಲ್ಲಿ ತೊಳೆಯಲಿ?’

ಕೊನೆಗೆ ಅವನೇ ಕತ್ತರಿ ಹಿಡಿದ, ನಾನು ಕತ್ತು ಹಿಡಿದೆ. ಒಂದು ದಿನದಲ್ಲಿ ಆಗಲಿಲ್ಲ. ಅವಳು ಸುಸ್ತಾದರೆ ನಿಲ್ಲಿಸಿದೆವು, ನಾವು ಸುಸ್ತಾದರೂ ನಿಲ್ಲಿಸಿದೆವು. ಶನಿವಾರ ಎಡಮಗ್ಗುಲು, ಭಾನುವಾರ ಬೆನ್ನು. ಬಲಮಗ್ಗುಲಿಗೆ ಮುಂದಿನ ಶನಿವಾರದವರೆಗೆ ಕಾಯಬೇಕಾಯಿತು. ಅಷ್ಟು ದಿನ ನಿಂಗವ್ವ ಒಂದು ಕಡೆಯಿಂದ ಮೇಕೆ, ಇನ್ನೊಂದು ಕಡೆಯಿಂದ ಮಹಾರಾಣಿ! ಅವಳು ಮ್ಮ್ ಅಂದಾಗಲೆಲ್ಲ ನಾನೂ ಮ್ಮ್ ಅಂದೆ. ಚರ್ಮಕ್ಕೆ ಒಂದು ಕಡೆ ಗೀರಾಯಿತು, ಅರಿಶಿನ ಹಚ್ಚಿದೆ. ಮೊದಲ ಹಿಡಿ ಉಣ್ಣೆಯನ್ನು ನೀನು ಬೀರದೇವರ ಹೆಸರಲ್ಲಿ ಎತ್ತಿಡುತ್ತಿದ್ದೆಯಲ್ಲ, ಅದು ನೆನಪಾದದ್ದು ಮೂರನೇ ಚೀಲ ತುಂಬಿದ ಮೇಲೆ. ಮೊದಲ ಹಿಡಿ ಯಾವುದು ಎಂದು ಹೇಗೆ ಹುಡುಕುವುದು? ಕೈಗೆ ಸಿಕ್ಕಿದ್ದನ್ನು ಎತ್ತಿಟ್ಟೆ. ದೇವರು ಅಡ್ಜಸ್ಟ್ ಮಾಡಿಕೊಳ್ಳಲಿ.

ಹಾಗೆ ಗೆದ್ದ ಹುಮ್ಮಸ್ಸಿನಲ್ಲಿ ಮೊನ್ನೆ ಗುರುವಾರ ಕ್ಲಾಸು ಬಿಟ್ಟು ಅಬುಧಾಬಿ ಬಸ್ಸು ಹತ್ತಿದೆ. ಖಾಲಿದಿಯಾದಲ್ಲಿರುವ ಉಮ್ ಸಯೀದರ ಮನೆಗೆ ನಿನ್ನ ಜೊತೆ ಒಮ್ಮೆ ಈದ್‌ಗೆ ಹೋಗಿದ್ದೆ. ನೀನು ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತಿದ್ದೆ. ಈ ಸಲ ಉಮ್ ಸಯೀದ್ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು, ಅರಬ್ಬಿ ಕಾಫಿ, ಗಹ್ವಾ ಕೊಟ್ಟರು. ಅವರದು ಅರ್ಧ ಅರಬ್ಬಿ, ಅರ್ಧ ಹಿಂದಿ. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.

‘ಕತ್ತರಿಸಿದೆವು. ಇಲ್ಲೇ ಇರಲಿ. ನಾನು ನೋಡಿಕೊಳ್ಳುತ್ತೇನೆ’ ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ‘ನಿನ್ನ ಅಪ್ಪನೂ ಹೀಗೇ ಅಂದಿದ್ದ. ಕಳೆದ ವರ್ಷ, ಜೂನಿನಲ್ಲಿ.’

‘ಅಪ್ಪನಿಗೂ ಕೇಳಿದ್ರಾ?’

‘ಕೇಳಿದ್ದೆ. ಮೊದಲು ಕಳಿಸಿ ಅಮ್ಮಾ ಅಂದ. ನಮ್ಮ ಜನ ಬೇಸಿಗೆಗೆ ಒಂದು ಊರಲ್ಲಿ ಕೂರುವವರಲ್ಲ, ಕುರಿಗೆ ಎಲ್ಲಿ ತಂಪೋ ಅಲ್ಲಿಗೆ ಹಿಂಡು ಹೊಡೆದುಕೊಂಡು ಹೋಗುವವರು, ನಮ್ಮಪ್ಪ ಹಾಗೇ ಬದುಕಿದ್ದು ಅಂದ. ಮರುದಿನ ಫೋನ್ ಮಾಡಿ ಬೇಡ ಅಂದ. ಆಡಿಗೆ ರಹೀಂ ಒಬ್ಬ ಸಾಕು, ಈ ಹಿಂಡು ಹೋದರೆ ನನಗಿಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ನನ್ನ ವೀಸಾ ಇಲ್ಲ. ಮಗಳ ವೀಸಾ ನನ್ನ ಮೇಲೆ. ಅವಳು ಕಾಲೇಜಿಗೆ ಬರುತ್ತಿದ್ದಾಳೆ. ಈ ಒಂದು ಬೇಸಿಗೆ ನಾನು ಹೇಗಾದರೂ ಕಾಯುತ್ತೇನೆ ಅಂದ.’

ನಾನು ಗಹ್ವಾದ ಲೋಟ ಕೆಳಗಿಟ್ಟೆ. ‘ನನಗೆ ಹೇಳಲೇ ಇಲ್ಲ’ ಅಂದೆ.

‘ಅಪ್ಪಂದಿರು ಹೇಳುತ್ತಾರಾ ಬಿಂತೀ, ನನ್ನ ಮಗಳೇ?’

ಅಪ್ಪಾ, ಆ ಬೇಸಿಗೆ ನೀನು ಶೆಡ್ಡಿನಲ್ಲಿ ಪೈಪು ಹಿಡಿದು ನಿಂತಿದ್ದು ಅವುಗಳಿಗಾಗಿ ಎಂದುಕೊಂಡಿದ್ದೆ. ಮಲ್ಲ ಸತ್ತಾಗ ನೀನು ಯಾಕೆ ನನ್ನ ಮುಖ ನೋಡಲಿಲ್ಲ ಎನ್ನುವುದು ಮೊನ್ನೆ ಆ ಸೋಫಾದ ಮೇಲೆ ಗೊತ್ತಾಯಿತು. ನಾನು ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕು. ಸುಮ್ಮನೆ ಲೆಕ್ಕ ಹಾಕಿದೆ: ನನ್ನ ವೀಸಾ ಈಗ ಕಾಲೇಜಿನ ಮೇಲಿದೆ. ರಹೀಂ ಭಾಯಿಗೆ ಆಡುಗಳಿವೆ. ಹಾಗಾದರೆ ಈ ಬೇಸಿಗೆ ಅವು ಆರು ಆ ಶೆಡ್ಡಿನಲ್ಲಿ ಏದುಸಿರು ಬಿಡುವುದು ಇನ್ನು ಯಾರಿಗಾಗಿ? ನಿನಗಾಗಿ ಅಲ್ಲ. ನನ್ನೊಬ್ಬಳಿಗಾಗಿ, ಶನಿವಾರ ಬಂದು ಹೋಗುವ ನನಗಾಗಿ. ಮತ್ತೆ ನನಗಾಗಿಯೇ!

‘ಕಳಿಸಿಬಿಡಿ’ ಅಂದೆ.

‘ಸರಿಯಾಗಿ ಯೋಚನೆ ಮಾಡಿದೆಯಾ?’

‘ಮಾಡಿದೆ. ಖಲಾಸ್.’

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಎರಡು ಬಸ್ಸು ಬಿಟ್ಟೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳಲು ನಿನ್ನ ನಂಬರು ತೆಗೆದೆ, ಆಮೇಲೆ...

ಇನ್ನು ನೀನು ಕೇಳದ ಸುದ್ದಿ. ಕಾಗದಪತ್ರ ಆಗಿದೆ. ಬರುವ ಶನಿವಾರ ಬೆಳಗ್ಗೆ ಬಿಸಿಲೇರುವ ಮೊದಲು ತಂಪು ಗಾಡಿ ಬರುತ್ತದೆ. ನಿಂಗವ್ವನನ್ನು ಕೊನೆಗೆ ಹತ್ತಿಸಬೇಕು, ಮೊದಲು ಹತ್ತಿಸಿದರೆ ಉಳಿದವು ತುಳಿಯುತ್ತವೆ. ಬೆಟ್ಟದಲ್ಲಿ ಅವನ್ನು ನೋಡಿಕೊಳ್ಳುವವಳು ಉಮ್ ಸಯೀದರ ಅಕ್ಕನ ಸೊಸೆ. ಅವಳ ಜೊತೆ ನಿನ್ನೆ ವಿಡಿಯೋ ಕಾಲಿನಲ್ಲಿ ಮಾತಾಡಿದೆ. ಯಾವುದು ಉಗಿಯುತ್ತದೆ, ಯಾವುದಕ್ಕೆ ಕತ್ತು ಮುಟ್ಟಿದರೆ ಆಗುವುದಿಲ್ಲ ಎಂದೆಲ್ಲ ಹೇಳಿದೆ. ನವೆಂಬರಿನಲ್ಲಿ ಕತ್ತರಿ ಮುಟ್ಟಬೇಡ ಎಂದು ಎರಡು ಸಲ ಹೇಳಿದೆ. ಅವಳು ನಕ್ಕು, ಫೋನನ್ನು ಕಿಟಕಿಯ ಹೊರಗೆ ಹಿಡಿದು ತೋರಿಸಿದಳು. ಹೊರಗೆ ಬಟ್ಟೆ ಒಣಗಿಸುವ ಹಗ್ಗದಲ್ಲಿ ಅವಳ ಶಾಲು ಹಾರುತ್ತಿತ್ತು. ಮಧ್ಯಾಹ್ನ ಎರಡು ಗಂಟೆ, ಅಪ್ಪಾ, ಅವಳು ಸ್ವೆಟರ್ ಹಾಕಿಕೊಂಡಿದ್ದಳು.

ನಿನ್ನ ಮಗಳು,
ರೇಣುಕಾ