ಕಿಟಕಿ ಪಕ್ಕದ ಅಜ್ಜಿ

ಭಾನುವಾರ, ಮಧ್ಯಾಹ್ನ

ಮುದ್ದು ಪುಟ್ಟೀ,

ನೀನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು “ಹೂಂ, ಆಮೇಲೆ?” ಅಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನೋಂದಣಿ ಕಚೇರಿಯಲ್ಲಿ ಒಂದು ಮದುವೆಯ ಫೋಟೋ ತೆಗೆದೆ. ಹುಡುಗಿ ಹಲ್ಲಿನ ಡಾಕ್ಟರು. ಅವಳ ಅಜ್ಜಿಯನ್ನು ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ, ಸ್ವಲ್ಪ ಹೊತ್ತಿನ ಮಟ್ಟಿಗೆ ಕರೆತಂದಿದ್ದರು. ಬಿಳಿ ಬಟ್ಟೆ ಉಟ್ಟು ದೊಡ್ಡ ಕಿಟಕಿಯ ಪಕ್ಕ ಕೂತಿದ್ದರು. ಕ್ಯಾಮೆರಾದ ಮೀಟರು ‘ಬೆಳಕು ಇಷ್ಟು ಸಾಕು’ ಎಂದು ತೋರಿಸುತ್ತಿತ್ತು. ನನ್ನ ಜಂಭ ನಿನಗೆ ಗೊತ್ತಲ್ಲ, ಮೀಟರಿಗಿಂತ ನನ್ನ ಕಣ್ಣೇ ಸರಿ ಅನ್ನುವವಳು. ನನಗೆ ಕತ್ತಲೆ ಅನ್ನಿಸಿತು, ಬೆಳಕು ಏರಿಸಿದೆ. ಕ್ಯಾಮೆರಾದ ಪರದೆಯಲ್ಲಿ ನೋಡಿದೆ, ಆಗಲೂ ಮಬ್ಬು. ಇನ್ನಷ್ಟು ಏರಿಸಿದೆ.

ಆ ಹುಡುಗಿ ಸ್ಟುಡಿಯೋಗೆ ಬಂದು ಆಲ್ಬಂ ತೆರೆದು ನೋಡಿದಳು. “ಆಂಟಿ, ನಮ್ಮಜ್ಜಿ ಎಲ್ಲಿ?” ಎಂದಳು.

ಬಾಗಿಲ ಬಳಿ ಒಯ್ದು, ಕಣ್ಣ ಹತ್ತಿರ ಹಿಡಿದು ನೋಡಿದೆ. ಗಾಲಿಕುರ್ಚಿಯ ಚಕ್ರಗಳಿದ್ದವು. ಅದರ ಮೇಲೆ ಬರೀ ಬಿಳುಪು.

ನಾನೇನು ಮಾಡಿದೆ ಗೊತ್ತೇನೇ? ಕಂಪ್ಯೂಟರಿನ ಮುಂದೆ ಕೂತಿದ್ದ ನಿನ್ನ ಚಿಕ್ಕಮ್ಮನ ಮೇಲೆ ಹರಿಹಾಯ್ದೆ. “ಪ್ರಿಂಟ್ ಹಾಳ್ಮಾಡಿದ್ಯಲ್ಲೇ! ಕಣ್ಣೆಲ್ಲಿಟ್ಟಿದ್ದೆ?” ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹುಡುಗಿಯತ್ತ ತಿರುಗಿ, “ಹೌದಮ್ಮ, ನಂದೇ ತಪ್ಪು” ಅಂದುಬಿಟ್ಟಳು.

ಹುಡುಗಿ ಹೋದ ಮೇಲೆ ನಿನ್ನ ಚಿಕ್ಕಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಫೋಟೋದ ಬೆಳಕನ್ನು ತೋರಿಸುವ ಗ್ರಾಫ್ ಇರುತ್ತದಲ್ಲ, ಅದು. “ನೋಡಕ್ಕಾ, ಬೆಳಕೆಲ್ಲ ಬಲಗಡೆ ಗೋಡೆಗೆ ಗುಡ್ಡೆ ಬಿದ್ದಿದೆ, ಅತಿಯಾಗಿ ಎಲ್ಲ ಬೆಳ್ಳಗಾಗಿದೆ. ಅಜ್ಜಿ ಮುಖ ಫೈಲಲ್ಲೇ ಇಲ್ಲ, ನಾನೆಲ್ಲಿಂದ ತರ್ಲಿ? ತುಂಬ ದಿನದಿಂದ ನಿನ್ನ ಫೋಟೋಗಳ ಬೆಳಕು ಇಳಿಸ್ತಾನೇ ಇದ್ದೀನಿ. ಈ ಸಲ ಕೈ ಮೀರ್ತು. ಕಣ್ಣು ತೋರ್ಸ್ಕೊಂಡು ಬರೋಣ ಬಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಕಣ್ಣಿನ ಡಾಕ್ಟರು ನೋಡಿದರು, ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ.

ಮಾರನೆಯ ದಿನ ಆ ಹುಡುಗಿಯ ಕ್ಲಿನಿಕ್ಕಿಗೆ ಹೋಗಿ, ಕಾಯುತ್ತಿದ್ದ ರೋಗಿಗಳೆಲ್ಲ ಕೇಳುವ ಹಾಗೆಯೇ ಹೇಳಿದೆ, ತಪ್ಪು ನನ್ನದು ಎಂದು. ಅವಳು ಕೈಗವಸು ಕಳಚುತ್ತ, “ಮತ್ತೆ ಅವ್ರಿಗ್ಯಾಕೆ ಬೈದ್ರಿ?” ಎಂದಳು. “ಮತ್ತೆ ತೆಗ್ದುಕೊಡ್ತೀವಮ್ಮ” ಎಂದಷ್ಟೇ ಅಂದೆ.

ಅಜ್ಜಿಯನ್ನು ಮತ್ತೆ ಹೊರಗೆ ಕರೆತರುವಂತಿರಲಿಲ್ಲ. ನಾವೇ ಆಸ್ಪತ್ರೆಗೆ ಹೋದೆವು. ಕ್ಯಾಮೆರಾ ನಿನ್ನ ಚಿಕ್ಕಮ್ಮನ ಕೈಯಲ್ಲಿ. ನಾನು ಬಿಳಿ ಹಾಳೆ ಹಿಡಿದು ಅಜ್ಜಿಯ ಮುಖಕ್ಕೆ ಬೆಳಕು ಬೀಳಿಸುತ್ತ ನಿಂತೆ. ಅವಳು ತನ್ನ ಅಂಗೈಯನ್ನು ಅಜ್ಜಿಯ ಕೆನ್ನೆಯ ಪಕ್ಕ ಹಿಡಿದು ಬೆಳಕು ಅಳೆದಳು. ಒಂದು ತೆಗೆದಳು, ಗ್ರಾಫ್ ನೋಡಿದಳು, ಸ್ವಲ್ಪ ಇಳಿಸಿದಳು.

“ಈ ಸಲನಾದ್ರೂ ನಾನು ಬರ್ತೀನೋ, ಇಲ್ಲ ಮಂಚ ಒಂದೇನೋ?” ಎಂದರು ಅಜ್ಜಿ. ಮೊಮ್ಮಗಳು ಗೊಳ್ಳೆಂದು ನಕ್ಕಳು. ಆ ನಗುವಿನ ಫೋಟೋ ಚೆನ್ನಾಗಿ ಬಂದಿದೆಯಂತೆ. ನಾನು ಹಾಳೆಯ ಹಿಂದೆ ಮುಖ ಮರೆಸಿಕೊಂಡಿದ್ದೆ.

ಬಸ್ಸಿನಲ್ಲಿ ಬರುವಾಗ ನಿನ್ನ ಚಿಕ್ಕಮ್ಮನಿಗೆ ತಪ್ಪಾಯ್ತು ಅನ್ನಲು ಬಾಯಿ ತೆಗೆದೆ. “ಬಿಡಕ್ಕಾ, ಸ್ಟಾಪ್ ಬಂತು” ಎಂದು ಎದ್ದಳು. ಆ ಮಾತು ಇನ್ನೂ ಹೇಳಿಲ್ಲ.

ಮುಂದಿನ ವಾರ ಆಪರೇಷನ್. ನೀನು ಹಸುಗೂಸನ್ನು ಕಟ್ಟಿಕೊಂಡು ಓಡಿ ಬರಬೇಡ. ಅವಳಿದ್ದಾಳೆ.

ತಲೆಯೆತ್ತಲಾರದ
ನಿನ್ನ ಅಮ್ಮ

ಇನ್ನೊಂದು ಮಾತಿದೆ. ಮಗು ಹುಟ್ಟಿದ ದಿನ ತೆಗೆದ ಫೋಟೋಗಳ ಕಾರ್ಡ್ ಕೆಟ್ಟುಹೋಯಿತು ಅಂದಿದ್ದೆ. ಅದು ಕೆಟ್ಟಿಲ್ಲ. ನಿನ್ನ ತೋಳು ಚೆನ್ನಾಗಿ ಬಂದಿದೆ, ಅದರೊಳಗೆ ಮಗುವಿನ ಮುಖ ಇಲ್ಲ, ಬರೀ ಬಿಳುಪು. ಅದನ್ನು ಆ ಮದುವೆಗೆ ಮುಂಚೆಯೇ ನೋಡಿದ್ದೆ, ಪುಟ್ಟೀ.