ಪುಟ ೨೧೨ರಿಂದ ೨೩೮

ಜಯನಗರ ೯ನೇ ಬ್ಲಾಕ್,
ಬೆಂಗಳೂರು.
೨೨-೧೧-೧೯೮೭, ಭಾನುವಾರ

ಪ್ರೀತಿಯ ಸಪ್ಪಲಮ್ಮನಿಗೆ,

ನಿನ್ನ ಚೂಡಕ್ಕನ ನೆನಪುಗಳು. ಇಲ್ಲಿ ಅಮ್ಮ, ತಮ್ಮ ಅನಂತು, ನಾನು ಮೂವರೂ ಕ್ಷೇಮ. ಜಿಗಣಿಯಲ್ಲಿ ನೀನು, ನಿನ್ನ ಯಜಮಾನರು ಮುನಿಯಣ್ಣನವರು, ಮನೆಯವರೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಇನ್‌ಲ್ಯಾಂಡ್ ಪತ್ರ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು. ಕೆಲಸವಿತ್ತು, ಊರಲ್ಲಿರಲಿಲ್ಲ ಎಂದೇನೂ ಹೇಳುವಂತಿಲ್ಲ. ನಿನ್ನ ಪತ್ರವನ್ನು ನಿಘಂಟಿನೊಳಗೆ ಇಟ್ಟುಕೊಂಡು ದಿನವೂ ತೆಗೆದು ನೋಡುತ್ತಿದ್ದೆ, ಮತ್ತೆ ಒಳಗಿಡುತ್ತಿದ್ದೆ. ಅಷ್ಟೇ.

ನೀನು ಕೇಳಿದ್ದು ಚಿಕ್ಕ ವಿಷಯ. ನಿನ್ನ ನಾದಿನಿ ಬರುವ ಮೇ ತಿಂಗಳಲ್ಲಿ ಮೆಡಿಕಲ್ ಎಂಟ್ರೆನ್ಸ್ ಬರೆಯುತ್ತಾಳೆ, ನೀನೇ ಹೇಳಿಕೊಡುತ್ತಿದ್ದೀಯ. "ನನ್ನ ಹತ್ರ ಇರೋ ನೋಟ್ಸಲ್ಲಿ ೨೧೨ರಿಂದ ೨೩೮ರ ತನಕ ಇಲ್ಲ ಅಕ್ಕ. ನಮ್ಮವ್ವ ಅದರಲ್ಲಿ ಕರಿಬೇವು ಕಟ್ಟಿಕೊಟ್ಟಿದ್ದು ನಿಮಗೇ ಗೊತ್ತಲ್ಲ. ಅನಂತು ಕಾಪಿ ಇನ್ನೂ ಇದ್ದರೆ ಅಷ್ಟು ಹಾಳೆ ಮಾತ್ರ ಕಳಿಸಿ" ಎಂದು ಬರೆದಿದ್ದೀಯ. ಇದೆ. ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಇಪ್ಪತ್ತೇಳು ಹಾಳೆ, ಎಣಿಸಿಕೋ.

ಅದಕ್ಕಿಂತ ಮೊದಲು ಕೆಂಪಕ್ಕನ ವಿಷಯ. ನಿಮ್ಮಮ್ಮ ದಸರೆಯಿಂದ ಈಚೆಗೆ ನಮ್ಮ ಕಡೆ ಸೊಪ್ಪು ತರಲಿಲ್ಲ. ಬೇರೆ ಯಾರೋ ಹುಡುಗಿ ಬರುತ್ತಿದ್ದಳು. ಹೋದ ಭಾನುವಾರ ನಾನೇ ಸುದ್ದಗುಂಟೆಪಾಳ್ಯಕ್ಕೆ ನಡೆದುಕೊಂಡು ಹೋದೆ. ಹದಿನೈದು ವರ್ಷ ನಿಮ್ಮಮ್ಮ ನಮ್ಮ ಬಾಗಿಲಿಗೆ ಬಂದಿದ್ದರು, ನಾನು ನಿಮ್ಮ ಬಾಗಿಲಿಗೆ ಹೋದದ್ದು ಅದೇ ಮೊದಲು. ನಿಮ್ಮಪ್ಪ ಜಗಲಿಯ ಮೇಲೆ ಕೂತಿದ್ದರು.

"ಹೊಟ್ಟೇಲಿ ಗೆಡ್ಡೆ ಅಂತೆ ಕಣಮ್ಮ. ಆಸ್ಪತ್ರೆಯೋರು ಇನ್ನು ಮನೇಲೇ ಇಟ್ಕೊಳ್ಳಿ ಅಂದವ್ರೆ. ಮಗಳಿಗೆ ಹೇಳಿ ಕಳಿಸ್ದೆ, ಎರಡ್ ಸಲ. ಬಂದಿಲ್ಲ" ಎಂದರು ಪಿಳ್ಳಪ್ಪನವರು. ಕೋಪದಿಂದ ಹೇಳಲಿಲ್ಲ. ಬಸ್ಸು ಬಂದಿಲ್ಲ ಎನ್ನುವ ಹಾಗೆ ಹೇಳಿದರು.

ಕೆಂಪಕ್ಕ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ಆ ತೋಳು ನಿನಗೆ ನೆನಪಿದೆಯಲ್ಲ, ತಲೆ ಮೇಲಿನ ಬುಟ್ಟಿಯನ್ನು ಯಾರ ಸಹಾಯವೂ ಇಲ್ಲದೆ ಇಳಿಸುತ್ತಿದ್ದ ತೋಳು. ಈಗ ಅದರಲ್ಲಿ ಬಳೆ ನಿಲ್ಲುತ್ತಿಲ್ಲ, ದಾರ ಸುತ್ತಿಕೊಂಡಿದ್ದಾರೆ. ನನ್ನನ್ನು ಕಂಡು ಎದ್ದು ಕೂರಲು ನೋಡಿದರು.

"ಚೂಡಮ್ಮೋರೆ, ಮಗ ನಿಮ್ಗೇನಾರ ಕಾಗ್ದ ಹಾಕಿದ್ಳಾ?"

ಹಾಕಿದ್ದಾಳೆ ಎಂದೆ.

"ನನ್ ವಿಚಾರ ಬರ್ದಿದ್ಳಾ?"

ನಿನ್ನ ಪತ್ರದಲ್ಲಿ ಅವರ ವಿಚಾರ ಒಂದೇ ಸಾಲು ಇತ್ತು, ಕರಿಬೇವಿನ ಸಾಲು. "ಹೇಗಿದ್ದಾರೆ ಅಂತ ಕೇಳಿದ್ದಾಳೆ" ಎಂದೆ. ಕೆಂಪಕ್ಕ ನಕ್ಕರು. "ಬುಡಿ. ಸುಳ್ ಹೇಳಕ್ ಬರಲ್ಲ ನಿಮ್ಗೆ. ಮಖ ಕೆಂಪಗಾಯ್ತದೆ."

ಅಲ್ಲಿಂದ ಬಂದಮೇಲೆ ಒಂದು ವಾರ ಈ ಪತ್ರವನ್ನು ಮನಸ್ಸಿನಲ್ಲೇ ಬರೆದೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ ಅನ್ನಿಸಿದರೂ ಓದು. ನಾನು ಕಂಡ ಕಡೆಯಿಂದ ನೀನು ಕೇಳಿಲ್ಲ.

ಎಂಬತ್ತೈದರ ಆ ಬೇಸಿಗೆ. ನಮ್ಮ ಅನಂತು, ನೀನು ಒಂದೇ ಕಾಲೇಜು. ಅವನು ಬೆಳಗ್ಗೆ ವೆಂಕಟಾಚಲ ಮೇಷ್ಟರ ಟ್ಯುಟೋರಿಯಲ್‌ಗೆ ಹೋಗುತ್ತಿದ್ದ. ಕಾರ್ ಷೆಡ್ಡಿನಲ್ಲಿ ಅರವತ್ತು ಜನರನ್ನು ಕೂರಿಸಿಕೊಂಡು ಮೇಷ್ಟರು ನೋಟ್ಸ್ ಹೇಳಿ ಬರೆಸುತ್ತಿದ್ದರು. ನಿಮ್ಮ ಮನೆಯಲ್ಲಿ ಟ್ಯುಟೋರಿಯಲ್ ಮಾತೇ ಇರಲಿಲ್ಲ. ಒಂದೇ ಸಲ ಬರೆಯಬೇಕು, ಸೀಟು ಸಿಗದಿದ್ದರೆ ಜಿಗಣಿಯ ಸಂಬಂಧಕ್ಕೆ ಒಪ್ಪಬೇಕು ಎಂದು ನಿಮ್ಮಪ್ಪ ನಿನ್ನಿಂದ ಮಾತು ತೆಗೆದುಕೊಂಡಿದ್ದರು. ಅನಂತುವಿನ ಬರವಣಿಗೆ ಅವನಿಗೇ ಓದಲು ಬರುತ್ತಿರಲಿಲ್ಲ. ಬಿ.ಎ. ಸಾಹಿತ್ಯ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಇದ್ದದ್ದು ದುಂಡಗಿನ ಅಕ್ಷರ ಒಂದೇ. ಬೀದಿಯವರ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಿದ್ದ ಹಾಗೆ ಅವನ ನೋಟ್ಸನ್ನೂ ಮಧ್ಯಾಹ್ನ ಕೂತು ಚೆನ್ನಾಗಿ ಬರೆದಿಡುತ್ತಿದ್ದೆ.

ಒಂದು ದಿನ ಅಮ್ಮ ಎಂದಿನಂತೆ ದಂಟಿನ ಕಟ್ಟು ಎತ್ತಿ ನೋಡುತ್ತಾ, "ಏನ್ ಕೆಂಪಕ್ಕ, ಸೊಪ್ಪು ನಿನ್ನೇದಾ?" ಎಂದರು.

"ಸೊಪ್ಪು ಇವತ್ತಿಂದು ಕಣ್ರಮ್ಮ. ಬೆಲೆ ಬೇಕಾರೆ ನಿನ್ನೇದೇ ಕೊಡಿ" ಎಂದರು ನಿಮ್ಮಮ್ಮ. ಅಮ್ಮನಿಗೆ ನಗು ಬಂತು. ಆ ನಗು ಆರುವ ಮುಂಚೆಯೇ ಕೆಂಪಕ್ಕ ನನ್ನ ಮೇಜಿನ ಕಡೆ ನೋಡಿ, "ಚೂಡಮ್ಮೋರೆ, ಅದೇನೋ ಬರೀತಿರ್ತೀರಲ್ಲ, ಅದ್ರಲ್ಲಿ ನಮ್ ಮಗೀಗೂ ಒಂದು ಆಯ್ತದಾ?" ಎಂದು ಕೇಳಿದರು.

ಕಾರ್ಬನ್ ಹಾಳೆ ಇಟ್ಟು ಬರೆದರೆ ನನಗೆ ಹೆಚ್ಚಿನ ಶ್ರಮವೇನೂ ಇರಲಿಲ್ಲ, ಪೆನ್ನು ಸ್ವಲ್ಪ ಒತ್ತಬೇಕು ಅಷ್ಟೆ. ಮೇಲಿನದು ಅನಂತುವಿಗೆ, ಕೆಳಗಿನ ನೀಲಿ ನಿನಗೆ. ಪ್ರತಿ ಬುಧವಾರ ನೀಲಿ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಂಪಕ್ಕನ ಬುಟ್ಟಿಯಲ್ಲಿ ಸೊಪ್ಪಿನ ಮೇಲೆ ಇಡುತ್ತಿದ್ದೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು ಬುಟ್ಟಿ ಎತ್ತುತ್ತಿದ್ದರು. ಅದೇ ಬುಟ್ಟಿಯಲ್ಲಿ ಕರಿಬೇವು ಕಟ್ಟಲು ಹಳೆ ಕಾಗದಗಳ ಕಟ್ಟೂ ಇರುತ್ತಿತ್ತು. ಯಾವ ಕಾಗದ ಯಾವುದು ಎಂದು ಓದಿ ನೋಡಲು ಅವರಿಗೆ ಬರುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಮೇಷ್ಟರು ಅನುವಂಶೀಯತೆಯ ಪಾಠವನ್ನು ಹೊಸದಾಗಿ ಬರೆಸಿದರು. ಅವರ ಮಾತನ್ನು ಅನಂತು ಮನೆಯಲ್ಲಿ ಅನುಕರಿಸಿ ತೋರಿಸುತ್ತಿದ್ದ: "ಈ ಇಪ್ಪತ್ತೇಳು ಪುಟ ಬಾಯಿಪಾಠ ಮಾಡಿ. ಷೆಡ್ಡಿಂದ ಆಚೆ ಹೋಗಕೂಡ್ದು. ನಿಮ್ಮ ಪಕ್ಕದಲ್ಲಿ ಕೂತಿರೋನೇ ನಿಮ್ಮ ಸೀಟ್ ತಿನ್ನೋನು, ಜ್ಞಾಪಕ ಇರ್ಲಿ!"

ನಾನು ಬರೆಯಲು ಕೂತಾಗ ಅಪ್ಪ ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. "ಇಷ್ಟು ದಿನ ಕೊಟ್ಟಿದ್ದು ಸಾಕು. ಇದೊಂದಕ್ಕೆ ಕಾರ್ಬನ್ ತೆಗಿ. ನಮ್ಮ ಹುಡುಗನ ಗತಿ ನೋಡ್ಕೋ ಮೊದಲು" ಎಂದರು. ನಾನು ಕಾರ್ಬನ್ ತೆಗೆದೆ. ೨೧೨ರಿಂದ ೨೩೮ರವರೆಗೆ ಒಂದೇ ಪ್ರತಿ ಬರೆದೆ. ೨೩೯ಕ್ಕೆ ಮತ್ತೆ ಇಟ್ಟೆ.

ಸಪ್ಪಲ, ನಿಮ್ಮಮ್ಮ ಆ ಹಾಳೆಗಳಲ್ಲಿ ಕರಿಬೇವು ಕಟ್ಟಲಿಲ್ಲ. ಆ ಹಾಳೆಗಳು ಅವರ ಬುಟ್ಟಿಗೆ ಬರಲೇ ಇಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ನೀನು ಬಂದೆ. ಚಪ್ಪಲಿಯನ್ನು ಗೇಟಿನ ಆಚೆ ಬಿಟ್ಟು, ಹೊಸಿಲ ಹತ್ತಿರ ನಿಂತು, "ಅಕ್ಕ, ೨೧೧ ಆದ್ಮೇಲೆ ೨೩೯ ಇದೆ" ಎಂದೆ. ಆಗ ನಾನು, "ಕೊಟ್ಟಿದ್ದೆನಲ್ಲ, ಹೋದ ಬುಧವಾರ? ನಿಮ್ಮಮ್ಮನ ಬುಟ್ಟೀಲೇ ಇಟ್ಟೆ" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಆದರೆ ಬಾಯಿಗೆ ಎಷ್ಟು ಸಲೀಸಾಗಿ ಬಂತು ಎಂಬುದು ಇವತ್ತಿಗೂ ನೆನಪಿದೆ. ನಿನ್ನ ಮುಖದ ಬಣ್ಣ ಹೋಯಿತು. "ಕರಿಬೇವು" ಎಂದೆ ನೀನು, ಅದೊಂದೇ ಮಾತು. ಆಮೇಲೆ, "ಅನಂತು ಕಾಪಿ ಒಂದಿನ ಕೊಡ್ತೀರಾ?" ಎಂದು ಕೇಳಿದೆ. ಅವನು ಅದನ್ನು ಹನುಮಂತನಗರದ ಸ್ನೇಹಿತನ ಮನೆಗೆ ಒಯ್ದಿದ್ದಾನೆ ಎಂದೆ ನಾನು. ಅದು ನನ್ನ ಮೊಣಕೈ ಕೆಳಗೇ ಇತ್ತು, ಮೇಜಿನ ಬಟ್ಟೆಯ ಅಡಿಯಲ್ಲಿ.

ಮಾರನೆಯ ದಿನ ನಡೆದದ್ದು ನಿನಗೆ ಗೊತ್ತಿಲ್ಲ. ಕೆಂಪಕ್ಕ ಬುಟ್ಟಿ ಇಲ್ಲದೆ ಬಂದರು. ನಮ್ಮ ಅಡ್ಡರಸ್ತೆಯ ಒಂದೊಂದೇ ಮನೆಯ ಮುಂದೆ ನಿಂತು, "ಅಮ್ಮ, ಹೋದ ವಾರ ಕರಿಬೇವು ಕಟ್ಕೊಟ್ಟ ಕಾಗ್ದ ಏನಾರ ಇಟ್ಟಿದ್ದೀರಾ? ನೀಲಿ ಅಕ್ಷರದ್ದು?" ಎಂದು ಕೇಳುತ್ತಾ ಹೋದರು. ಎದುರುಮನೆಯಾಕೆ ಜೋರಾಗಿ ನಕ್ಕು, "ಕರಿಬೇವಿನ ಕಾಗದಾನ ಯಾರಾದ್ರೂ ಬೀರೂಲಿಡ್ತಾರೇನೇ ಕೆಂಪಕ್ಕ?" ಎಂದರು. ಒಂದಿಬ್ಬರು ಕಸದ ಬುಟ್ಟಿ ಬಗ್ಗಿಸಿ ತೋರಿಸಿದರು. ಕೆಂಪಕ್ಕ ಕೈಹಾಕಿ ಹುಡುಕಿದರು. ನಾನು ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ನೋಡಿದೆ. ನೋಡುವುದೇ ನನ್ನ ಅಭ್ಯಾಸವಲ್ಲವೇ. ನಮ್ಮ ಮನೆಯ ಮುಂದೆ ಬಂದಾಗ ಅವರು ಕೇಳಲಿಲ್ಲ. ತಲೆ ತಗ್ಗಿಸಿ ಹೋದರು, ನಾನು ಅಷ್ಟು ಕಷ್ಟಪಟ್ಟು ಬರೆದದ್ದನ್ನು ಕಳೆದ ನಾಚಿಕೆಯಿಂದ.

ಪರೀಕ್ಷೆಯಲ್ಲಿ ಆ ಪಾಠದಿಂದ ಹನ್ನೊಂದು ಪ್ರಶ್ನೆ ಬಂತು. ನಿನಗೆ ಎರಡು ಅಂಕಕ್ಕೆ ಸೀಟು ತಪ್ಪಿತು. ಅನಂತುವಿಗೆ ಎಷ್ಟಕ್ಕೆ ತಪ್ಪಿತು ಎಂದು ಲೆಕ್ಕ ಹಾಕುವಂತೆಯೇ ಇರಲಿಲ್ಲ. ಅವನು ಬಿ.ಎಸ್ಸಿ. ಸೇರಿದ, ಈಗ ಬ್ಯಾಂಕ್ ಪರೀಕ್ಷೆಗಳನ್ನು ಬರೆಯುತ್ತಾ ಇದ್ದಾನೆ. ನಿನಗೆ ಕಳಿಸುತ್ತಿರುವ ಹಾಳೆಗಳನ್ನು ನೋಡು, ನಾನು ದಾರ ಹಾಕಿದ್ದು ಹಾಕಿದ ಹಾಗೇ ಇದೆ. ಅವನು ಬಿಚ್ಚಿ ಓದಿದ ಗುರುತೇ ಇಲ್ಲ.

ಕಾರ್ತಿಕದಲ್ಲಿ ನಿನ್ನ ಮದುವೆಯಾಯಿತು. ಧಾರೆಯ ಹೊತ್ತಿಗೆ ನೀನು ತಾಯಿಯ ಮುಖ ನೋಡಲಿಲ್ಲ ಎಂದು ಬಂದವರೆಲ್ಲ ಆಡಿಕೊಂಡರು. ಮುಂದಿನ ವರ್ಷ ಗೌರಿಹಬ್ಬಕ್ಕೆ ಅವರು ಕಳಿಸಿದ ಬಾಗಿನ ಜಿಗಣಿಯಿಂದ ಹಾಗೇ ವಾಪಸ್ಸು ಬಂತು. ಆ ಮೊರವನ್ನು ಕೆಂಪಕ್ಕ ನಮ್ಮ ಮನೆಯ ಮೆಟ್ಟಿಲ ಮೇಲೆ ಇಟ್ಟುಕೊಂಡು ಕೂತಿದ್ದರು. ಅಮ್ಮ, "ಎಷ್ಟು ದಿನಾಂತ ಕೋಪ ಇರುತ್ತೆ ಬಿಡು, ಮಕ್ಕಳು" ಎಂದು ಸಮಾಧಾನ ಹೇಳಿದರು. "ಅವಳ ಕೋಪ ನ್ಯಾಯವಾದ್ದೇ ಕಣ್ರಮ್ಮ" ಎಂದರು ಕೆಂಪಕ್ಕ. ನಾನು ಒಳಗಿಂದ ಅವರಿಗೆ ಕಾಫಿ ತಂದುಕೊಟ್ಟೆ. ಕಾಫಿ ಮಾತ್ರ ಕೊಟ್ಟೆ.

ನೀನು ಬಾ. ನನ್ನನ್ನು ನೋಡಲು ಬೇಡ, ನಮ್ಮ ಬೀದಿಗೂ ಬರಬೇಡ, ನೇರ ಪಾಳ್ಯಕ್ಕೆ ಹೋಗು. ಹೆಚ್ಚು ದಿನವಿಲ್ಲ ಎಂದು ನಿಮ್ಮಪ್ಪ ಬೆರಳು ಮಡಿಸಿ ತೋರಿಸಿದರು. ನಿನ್ನ ನಾದಿನಿಗೆ ಸೀಟು ಸಿಗಲಿ. ನೀನು ಹೇಳಿಕೊಟ್ಟರೆ ಸಿಕ್ಕೇ ಸಿಗುತ್ತದೆ. ನಿನಗಿಂತ ಹಿರಿಯಳಾಗಿ ಇಲ್ಲಿ ಆಶೀರ್ವಾದ ಎಂದು ಬರೆಯಬೇಕು. ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. ನಿನಗೆ ಒಳ್ಳೆಯದಾಗಲಿ.

ಇಂತಿ,
ಚೂಡಾಮಣಿ

ಮರೆತ ಮಾತು. ಸೋಮವಾರ, ಮಧ್ಯಾಹ್ನ.

ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಮರೆತದ್ದಲ್ಲ, ಬಿಟ್ಟದ್ದು.

ಕಾರ್ಬನ್ ತೆಗಿ ಎಂದು ಅಪ್ಪ ಹೇಳಲಿಲ್ಲ. ಅವರು ತೀರಿಕೊಂಡು ವರ್ಷವಾಯಿತು, ಅವರೇನೂ ಬಂದು ಇಲ್ಲ ಎನ್ನುವುದಿಲ್ಲ ಎಂದು ಬರೆದುಬಿಟ್ಟೆ. ಅವತ್ತು ತಪ್ಪನ್ನು ಬುಟ್ಟಿಯ ಮೇಲೆ ಹಾಕಿದೆ, ನಿನ್ನೆ ಅಪ್ಪನ ಮೇಲೆ. ಅವತ್ತು ಅಪ್ಪ ಪೇಪರಿನಿಂದ ತಲೆಯೆತ್ತಿ ಹೇಳಿದ್ದು ಇಷ್ಟೇ: "ಆ ಕಾರ್ಬನ್ ಸವೆದುಹೋಗಿದೆಯಲ್ಲಮ್ಮ, ಹೊಸದು ತಂದುಕೊಡ್ಲಾ? ಪಾಪ, ಆ ಹುಡುಗಿಗೆ ಅಕ್ಷರ ಕಾಣಬೇಕಲ್ಲ." ಸಂಜೆ ನಾಲ್ಕನೇ ಬ್ಲಾಕಿಗೆ ಹೋಗಿ ತಂದೂ ಕೊಟ್ಟರು. ೨೩೯ರಿಂದ ನಿನ್ನ ಪ್ರತಿಯಲ್ಲಿ ಅಕ್ಷರ ಗಾಢವಾಗಿದೆ, ತೆಗೆದು ನೋಡು. ಅದು ಅಪ್ಪ ತಂದ ಕಾರ್ಬನ್.

ತೆಗೆದವಳು ನಾನು. ಅನಂತುವಿಗಾಗಿಯೂ ಅಲ್ಲ. ಅದಕ್ಕೆ ಎರಡು ದಿನ ಹಿಂದೆ ನೀನು ನಮ್ಮ ವರಾಂಡದಲ್ಲಿ ಕೂತು ಅವನಿಗೆ ಒಂದು ಲೆಕ್ಕ ಬಿಡಿಸಿ ತೋರಿಸಿದೆ. ಅಮ್ಮ ಕೇಳಿಸಿಕೊಂಡು, "ಇವಳು ಡಾಕ್ಟ್ರಾಗೋದು ಗ್ಯಾರಂಟಿ ಕಣೇ" ಎಂದರು. ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ತೊಂಬತ್ತರ ಮೇಲೆ ಬಂದಿತ್ತು. ಹುಡುಗಿಗೆ ಆರ್ಟ್ಸ್ ಸಾಕು, ಕಾಲೇಜು ಹತ್ತಿರ ಎಂದು ಸೇರಿಸಿದರು. ನಾನೂ ಬೇಡವೆನ್ನಲಿಲ್ಲ. ಆ ನೋಟ್ಸ್ ಬರೆಯುತ್ತಾ ಬರೆಯುತ್ತಾ ನನಗೆ ಎಲ್ಲ ಅರ್ಥವಾಗುತ್ತಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಯ ದಿನ ಅನಂತು ತಂದ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಆ ಹನ್ನೊಂದರಲ್ಲಿ ಒಂಬತ್ತಕ್ಕೆ ಸರಿಯುತ್ತರ ಗುರುತು ಹಾಕಿದೆ. ಸೊಪ್ಪಿನ ಕೆಂಪಕ್ಕನ ಮಗಳು ಡಾಕ್ಟರಾಗುವುದು, ನಾನು ಅವಳಿಗೆ ದುಂಡಗೆ ಬರೆದುಕೊಡುವುದು. ಅದು ನನ್ನಿಂದ ಆಗಲಿಲ್ಲ. ಇಷ್ಟೇ ಕಾರಣ.

ಇವತ್ತು ಬೆಳಗ್ಗೆ ಹೋಗಿ ಕೆಂಪಕ್ಕನಿಗೆ ಹೇಳಿದೆ, ಈ ಹಾಳೆಗಳನ್ನೂ ತೋರಿಸಿದೆ. ಅವರು ಒಂದನ್ನು ಸವರಿ ನೋಡಿ ಹಿಂದಕ್ಕೆ ಕೊಟ್ಟರು. "ಬುಡಿ ಚೂಡಮ್ಮೋರೆ, ನನ್ ಸಮಾಧಾನಕ್ಕೆ ಹೇಳ್ತೀರಿ. ನಂಗೆ ಜ್ಞಾಪ್ಕ ಅದೆ. ಮೂಲೆ ಮನೆ ಪಾರ್ವತಮ್ಮೋರಿಗೆ ಕಟ್ಕೊಟ್ಟೆ. ಒದ್ದೆಯಾಗಿ ಕೈಗೆಲ್ಲ ನೀಲಿ ಹತ್ತಿತ್ತು, ಇಲ್ಲಿ" ಎಂದು ಹೆಬ್ಬೆರಳು ತೋರಿಸಿದರು. ನಾನು ಎಷ್ಟು ಹೇಳಿದರೂ ಆ ಬೆರಳನ್ನೇ ಉಜ್ಜುತ್ತಿದ್ದರು.

ನನ್ನ ಮಾತನ್ನು ಅವರು ನಂಬಲಿಲ್ಲ. ನೀನು ಹೇಳಿದರೆ ನಂಬಬಹುದು. ಜಿಗಣಿಯಿಂದ ಬೆಳಗ್ಗೆ ಏಳಕ್ಕೆ ಬಸ್ಸಿದೆಯಂತೆ.

ಚೂ.